ಹೂಳು ತೆಗೆಸಿ ಎರಡೇ ಮಳೆಗಾಲ, ಕೆರೆ ಮತ್ತೆ ಮಣ್ಣು ತುಂಬ್ಕೊಳ್ತಾ ಇದೆ. ಮೇಲಿನ ಬ್ಯಾಣ (ಹುಲ್ಲುಗಾವಲು), ಹಳ್ಳ ಉಳಿಸೋದು ಹೇಗೆ?

ಕೆರೆಬಯಲು, ಸೊರಬ · ಜೂನ್ 12

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ಸೊರಬ ತಾಲೂಕಿನ ಸಣ್ಣ ಊರು, ಅರವತ್ತು ಮನೆ. ಕೆರೆ ಕೆಳಗೆ ನಮಗೆ ಒಂದೂವರೆ ಎಕರೆ ಗದ್ದೆ, ಇಪ್ಪತ್ತು ಗುಂಟೆ ಅಡಿಕೆ ತೋಟ. ಪಹಣಿಯಲ್ಲಿ ಕೆರೆ 14 ಎಕರೆ ಚಿಲ್ಲರೆ. 1996ರಲ್ಲಿ ನಾನು ಮದುವೆಯಾಗಿ ಬಂದಾಗ ಪುನರ್ವಸು ಮಳೆಗೆ ಕೋಡಿ ಬೀಳ್ತಿತ್ತು, ಶಿವರಾತ್ರಿ ಕಳೆದರೂ ತೂಬಲ್ಲಿ ನೀರು ಬರ್ತಿತ್ತು. ಅತ್ತೆ ನನ್ನನ್ನ ಮೊದಲ ಸಲ ಬಟ್ಟೆ ಒಗೆಯೋಕೆ ಕರ್ಕೊಂಡು ಹೋದಾಗ ತೂಬಿನ ಪಕ್ಕದ ಕಲ್ಲುಮೆಟ್ಟಿಲು ಎಣಿಸೋದು ಹೇಳಿಕೊಟ್ಟಿದ್ದರು. ಒಟ್ಟು ಒಂಬತ್ತು. "ಸಂಕ್ರಾಂತಿಗೇ ಐದು ಮೆಟ್ಟಿಲು ಕಂಡ್ರೆ ಆ ವರ್ಷ ಬೇಸಿಗೆ ಬೆಳೆ ಆಸೆ ಬಿಡಬೇಕು" ಅಂದಿದ್ದರು. ಆಮೇಲೆ ಒಂದು ಸಂಕ್ರಾಂತಿಯೂ ನಾನು ಎಣಿಸದೆ ಬಿಟ್ಟಿಲ್ಲ.

2023ರ ಬರ ನಿಮಗೆಲ್ಲ ಗೊತ್ತು. ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಮುಂದಿನ ಬೇಸಿಗೆಗೆ ನಮ್ಮ ಕೆರೆ ಪೂರ್ತಿ ಒಣಗಿ ಬಿರುಕು ಬಿಟ್ಟಿತು. ನೀರೇ ಇಲ್ಲದಿದ್ದರೂ ಕಂಡದ್ದು ನಾಲ್ಕೇ ಮೆಟ್ಟಿಲು, ಉಳಿದ ಐದು ಹೂಳಿನೊಳಗೆ. ಮನೆಗೆ ಮೂರು ಸಾವಿರ ಅಂತ ಎತ್ತಿದ್ವಿ. ನಮ್ಮ ಸ್ತ್ರೀಶಕ್ತಿ ಗುಂಪಿಂದ ಸ್ವಲ್ಪ, ಪಂಚಾಯ್ತಿಯಿಂದ ಸ್ವಲ್ಪ ಸೇರಿಸಿ ಹತ್ತೊಂಬತ್ತು ದಿನ ಜೆಸಿಬಿ ಓಡಿಸಿದ್ವಿ. ಟ್ರ್ಯಾಕ್ಟರ್ ಲೆಕ್ಕ ಬರೆದದ್ದು ನಾನೇ, ನೋಟ್‌ಬುಕ್ ಇನ್ನೂ ಇದೆ: 2,140 ಲೋಡು. ಒಂಬತ್ತನೇ ಮೆಟ್ಟಿಲು ಕಂಡ ಸಂಜೆ ಅತ್ತೆಯನ್ನ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಿ ತೋರಿಸಿದ್ವಿ. ಎಂಬತ್ತೊಂದು ವರ್ಷ ಅವರಿಗೆ. ಕಲ್ಲು ಮುಟ್ಟಿ ನೋಡಿ ಅರಿಶಿನ ಕುಂಕುಮ ಹಚ್ಚಿದರು.

ಈ ಮೇ ಕೊನೆಗೆ ನೀರು ಇಳಿದಾಗ ಹೋಗಿ ನೋಡಿದರೆ ಒಂಬತ್ತನೇದೂ ಇಲ್ಲ, ಎಂಟನೇದೂ ಇಲ್ಲ. ಏಳನೇದರ ಮೇಲೆ ನುಣ್ಣಗೆ ಕೆಂಪು ಮಣ್ಣು, ಕೋಲು ಚುಚ್ಚಿದರೆ ಗೇಣುದ್ದ ಇಳೀತು. ಎರಡೇ ಮಳೆಗಾಲಕ್ಕೆ.

ಮೊನ್ನೆ ಮೃಗಶಿರ ಹಿಡಿದ ಮೊದಲ ರಾತ್ರಿ ಜೋರು ಮಳೆ. ಬೆಳಿಗ್ಗೆ ಹಾಲು ಕರೆದಿಟ್ಟು ಮಗಳನ್ನ ಕರ್ಕೊಂಡು ಹಳ್ಳ ಹಿಡಿದು ಮೇಲೆ ಹೋದೆ. ಮೂವತ್ತು ವರ್ಷ ಈ ಕೆರೆ ನೀರು ಕುಡಿದವಳು, ಅದು ಎಲ್ಲಿಂದ ಬರುತ್ತೆ ಅಂತ ನಡೆದು ನೋಡಿದ್ದು ಇದೇ ಮೊದಲು. ಕೆರೆಗೆ ನಾಲ್ಕು ಹಳ್ಳ ಬರುತ್ತವೆ. ಮೂರನೇದರಲ್ಲಿ ನೀರು ಇಟ್ಟಿಗೆ ಕಲಸಿದ ಹಾಗಿತ್ತು. ಹತ್ತುತ್ತಾ ಹೋದರೆ ಮೊದಲು ದನ ಮೇಯ್ತಿದ್ದ ಬ್ಯಾಣದಲ್ಲಿ ನಾಲ್ಕು ಎಕರೆ ಶುಂಠಿ. ಮಡಿಗಳೆಲ್ಲ ಇಳಿಜಾರಿಗೆ ನೇರ, ನಡುವಿನ ಕಾಲುವೆಗಳೂ ನೇರವಾಗಿ ಹಳ್ಳಕ್ಕೇ. ಹಳ್ಳದ ಎರಡೂ ಬದಿ ಇದ್ದ ಮುಂಡಿಗೆ (ಕೇದಗೆ ಜಾತಿಯ ಮುಳ್ಳುಗಿಡ) ಹಿಂಡು ಜೆಸಿಬಿಯಲ್ಲಿ ಕಿತ್ತು ಹಾಕಿದ್ದಾರೆ. ಅದರ ಮೇಲೆ ಅಕೇಶಿಯಾ ನೆಡುತೋಪು, ತುದಿಯಲ್ಲಿ ಕಾನು, ಅಂದ್ರೆ ದಟ್ಟ ಹಸಿರು ಕಾಡು. ಹೆಸರಿಗೆ ಕಾನು, ಒಳಗೆ ನಿಂತು ನೋಡಿದರೆ ಆಕಾಶ ಕಾಣುತ್ತೆ.

ಇನ್ನು ಕಷ್ಟದ ಮಾತು. ಆ ಶುಂಠಿ ಜಾಗ ನನ್ನ ಮೈದುನಂದು. ಬೆಳೆಯೋನು ಹೊರಗಿನವನು, ಇವನು ಗುತ್ತಿಗೆ ಕೊಟ್ಟಿದ್ದಾನೆ. ಮಗಳನ್ನ ಶಿವಮೊಗ್ಗದಲ್ಲಿ ನರ್ಸಿಂಗ್‌ಗೆ ಸೇರಿಸಿದ್ದಾನೆ, ಫೀಸು ಕಟ್ಟಿದ್ದು ಆ ಮುಂಗಡದ ದುಡ್ಡಲ್ಲೇ. ಅವನು ಕೆಟ್ಟವನಲ್ಲ, ಹೂಳೆತ್ತೋವಾಗ ಹತ್ತೊಂಬತ್ತು ದಿನವೂ ಏರಿ ಮೇಲೆ ನಿಂತವನು. ಆ ಮಗೂನ ಎತ್ತಿ ಆಡಿಸಿದವಳು ನಾನು, ಅವಳ ಓದಿಗೆ ಕಲ್ಲು ಹಾಕೋಕೆ ನನ್ನಿಂದಾಗಲ್ಲ. ಹಾಗಂತ ಸುಮ್ಮನಿದ್ದರೆ ಇನ್ನು ನಾಲ್ಕು ವರ್ಷಕ್ಕೆ ಮತ್ತೆ 2,140 ಲೋಡು.

ಮೇಲಿಂದ ಮಣ್ಣು ಬರೋದನ್ನ ತಡೆಯೋಕೆ ಎಲ್ಲಿಂದ ಶುರು ಮಾಡಬೇಕು? ಯಾರ ಹತ್ತಿರ ಹೋಗಬೇಕು? ನಿಮ್ಮ ಊರಲ್ಲಿ ಯಾರಾದರೂ ಮಾಡಿದ್ದೀರಾ?

ವರದೆ ದಂಡೆ, ಸಾಗರ · ಜೂನ್ 12

ತಂಗೀ, ನಿಮ್ಮ ಮೆಟ್ಟಿಲಿನ ಲೆಕ್ಕ ಓದಿ ಈಗಲೇ ಕೂತು ಬರೀತಿದ್ದೀನಿ. ನಮ್ಮದು ವರದಾಮೂಲದಿಂದ ಕೆಳಗೆ, ಸಾಗರ ತಾಲೂಕು. ನಿಮ್ಮ ಕಡೆ ದಂಡಾವತಿ ಹೊಳೆಗೆ ಸೇರೋ ನೀರೂ ಕೊನೆಗೆ ನಮ್ಮ ವರದಾ ಹೊಳೆಗೇ ಬರುತ್ತೆ, ಹಾಗಾಗಿ ನೀವು ದೂರದವರಲ್ಲ.

ನಾವು ನಮ್ಮ ಕೆರೆ ಹೂಳನ್ನ ಮೂರು ಸಲ ತೆಗೆಸಿದ್ದೀವಿ. 2003, 2010, 2014. ಮೂರು ಸಲವೂ ಬೋರ್ಡು ಹಾಕಿ, ಪೂಜೆ ಮಾಡಿ, ಊಟ ಹಾಕಿ ಮುಗಿಸಿದ್ವಿ. 2016ರ ಬರಕ್ಕೆ ಕೆರೆ ಮತ್ತೆ ಬತ್ತಿದಾಗ ನಮ್ಮ ಡೈರಿ ಕಟ್ಟೆ ಮೇಲೆ ಕೂತಿದ್ದ ಒಬ್ಬ ಹಿರಿಯರು ಕೇಳಿದ್ದು: "ಹೊಟ್ಟೆ ತೊಳೆಸೋದು ಆಯ್ತು, ಬಾಯಿಗೆ ಏನು ಹಾಕ್ತಿದ್ದೀರಿ ಅಂತ ಯಾರಾದ್ರೂ ನೋಡಿದ್ರಾ?" ನಾವು ಯಾರೂ ನೋಡಿರಲಿಲ್ಲ. ನೀವು ಹಳ್ಳ ಹತ್ತಿ ನೋಡಿದ್ದೀರಿ, ನಮಗೆ ಅಷ್ಟಾಗೋಕೆ ಹದಿಮೂರು ವರ್ಷ ಬೇಕಾಯ್ತು.

ಮೊದಲು ಮಾಡಬೇಕಾದ್ದು: ಮೈದುನನ ಹತ್ತಿರ ಇನ್ನೂ ಏನೂ ಮಾತಾಡಬೇಡಿ. ಹಳ್ಳಕ್ಕೊಂದರಂತೆ ನಾಲ್ಕು ಗಾಜಿನ ಸೀಸೆ ತಗೊಳ್ಳಿ, ಎಲ್ಲ ಒಂದೇ ಅಳತೆದು. ಜೋರು ಮಳೆ ಹಿಡಿದಾಗ ನಾಲ್ಕು ಜನ ನಾಲ್ಕು ಹಳ್ಳದ ಬಾಯಲ್ಲಿ ಒಂದೇ ಹೊತ್ತಿಗೆ ತುಂಬಿಸಿ. ಎರಡು ರಾತ್ರಿ ಅಲುಗಿಸದೆ ಇಡಿ, ನುಣ್ಣನೆ ಮಣ್ಣು ಕೂರೋಕೆ ಅಷ್ಟು ಹೊತ್ತು ಬೇಕು. ತಳದಲ್ಲಿ ಕೂತ ಮಣ್ಣಿನ ದಪ್ಪ ಅಳೆಯಿರಿ. ಜೊತೆಗೆ ಆ ಹೊತ್ತಲ್ಲಿ ಹಳ್ಳ ಎಷ್ಟು ಅಗಲ, ಎಷ್ಟು ಆಳ ಹರೀತಿತ್ತು ಅಂತಲೂ ಬರೆದಿಡಿ. ಸಣ್ಣ ಹಳ್ಳದ ದಪ್ಪ ಕೆಸರಿಗಿಂತ ದೊಡ್ಡ ಹಳ್ಳದ ತೆಳು ಕೆಂಪು ಹೆಚ್ಚು ಮಣ್ಣು ತರಬಹುದು.

ಇದನ್ನ ಹೇಳೋಕೆ ಕಾರಣ ಇದೆ. ನಮ್ಮಲ್ಲಿ ಎಲ್ಲರ ಬೆರಳೂ ಶುಂಠಿ ಬೆಳೆದ ಒಂದು ಮನೆ ಕಡೆಗೇ ಇತ್ತು. ಸೀಸೆಗಳನ್ನ ಡೈರಿ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಹಾಲು ಹಾಕೋಕೆ ಬಂದೋರೆಲ್ಲ ದಿನಾ ಎರಡು ಹೊತ್ತು ನೋಡಿದರು. ಅತಿ ಹೆಚ್ಚು ಮಣ್ಣು ಇದ್ದದ್ದು ಶುಂಠಿ ಹಳ್ಳದ ಸೀಸೆಯಲ್ಲಿ ಅಲ್ಲ, ಗುಡ್ಡದ ತೋಟಕ್ಕೆ ಟ್ರ್ಯಾಕ್ಟರ್ ಹೋಗಲಿ ಅಂತ ನಾವೇ ಸೇರಿ ಕಡಿಸಿದ್ದ ಮಣ್ಣು ರಸ್ತೆ ಇತ್ತಲ್ಲ, ಅದರ ಚರಂಡಿ ಸೇರೋ ಹಳ್ಳದಲ್ಲಿ. ಆ ರಸ್ತೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆ ದಿನದಿಂದ ಶುಂಠಿ ಮನೆಯವರು ನಮ್ಮ ಜೊತೆ ಬಂದರು, ಇವತ್ತಿಗೂ ನಮ್ಮ ಕೆರೆ ಕೆಲಸಕ್ಕೆ ಮೊದಲು ಗುದ್ದಲಿ ಹಿಡಿಯೋರು ಅವರೇ.

ಲೆಕ್ಕವೂ ತಲೆಯಲ್ಲಿರಲಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಅಂದ್ರೆ 4,000 ಲೀಟರಿಗೆ ಸ್ವಲ್ಪ ಜಾಸ್ತಿ. ನಮ್ಮ ಕಡೆ ಒಂದು ರಾತ್ರಿಗೆ 50 ಮಿಲಿಮೀಟರ್ ದೊಡ್ಡ ಮಾತಲ್ಲ. ನಾಲ್ಕು ಎಕರೆ ಅಂದ್ರೆ 8 ಲಕ್ಷ ಲೀಟರ್. ಹುಲ್ಲು ಇದ್ದ ಬ್ಯಾಣದಲ್ಲಿ ಅದರಲ್ಲಿ ಬೇಕಾದಷ್ಟು ಅಲ್ಲೇ ಇಂಗಿ, ಉಳಿದದ್ದು ತಡವಾಗಿ, ತಿಳಿಯಾಗಿ ಇಳೀತಿತ್ತು. ಬರೀ ಮಣ್ಣಿನ ಮೇಲೆ ಬಿದ್ದರೆ ಗಂಟೆಯೊಳಗೆ ಕೆರೆಯಲ್ಲಿರುತ್ತೆ, ಮಣ್ಣಿನ ಸಮೇತ. ಶುಂಠಿ ಬೆಳೆಯೋರು ಮಡಿಯನ್ನ ಇಳಿಜಾರಿಗೆ ನೇರ ಹಾಕೋದು ದುರಾಸೆಗಲ್ಲ. ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತೆ, ಬೇಗ ಬಸಿದು ಹೋಗಲಿ ಅಂತ ಹಾಗೆ ಮಾಡ್ತಾರೆ. ಅವರಿಗೆ ನೀರು ಹೋಗಬೇಕು, ನಮಗೆ ಮಣ್ಣು ಉಳೀಬೇಕು. ಈ ಎರಡೂ ಒಟ್ಟಿಗೆ ಆಗೋ ದಾರಿ ಇದೆ.

ಮಡಿ ಸಾಲು ಮುಗಿಯೋ ಕಡೆ ಅಡ್ಡಕ್ಕೆ ಒಂದು ಕಾಲುವೆ, ಅದರಲ್ಲಿ ಹತ್ತಿಪ್ಪತ್ತು ಅಡಿಗೊಂದು ಗುಂಡಿ. ನೀರು ತುಂಬಿ ಹೊರಳಿ ಹೋಗಲಿ, ಮಣ್ಣು ಗುಂಡಿಯಲ್ಲಿ ಕೂರಲಿ. ಮಡಿ ಮೇಲೆ ದರಕು (ಉದುರಿದ ಒಣ ಎಲೆ), ಸೊಪ್ಪು ದಪ್ಪಗೆ ಮುಚ್ಚಿ. ಹಳ್ಳದ ಎರಡೂ ಬದಿ ಮೂವತ್ತು ಅಡಿ ಏನೂ ಕೆದಕದೆ ಹುಲ್ಲಿಗೆ ಬಿಡಬೇಕು. ಈ ಪಟ್ಟಿಯೇ ಮುಖ್ಯ, ಉಳಿದದ್ದೆಲ್ಲ ತಪ್ಪಿದರೂ ಇದೊಂದು ಬಿಡಬೇಡಿ.

ಹಳ್ಳದೊಳಗೆ ಕಲ್ಲುಕಟ್ಟ. ಸಿಮೆಂಟು ಬೇಡ, ಗುಡ್ಡದ ಕಲ್ಲೇ ಸಾಕು, ಮೊಣಕಾಲೆತ್ತರ. ಮೇಲಿನ ಸಣ್ಣ ಕೊರಕಲಿಂದ ಶುರು ಮಾಡಿ ಕೆಳಗೆ ಬನ್ನಿ. ನಾವು ಮೊದಲ ವರ್ಷ ಕೆಳಗಿಂದ ಶುರು ಮಾಡಿ, ಆರಿದ್ರಾ ಮಳೆಯ ಒಂದೇ ಹೊಡೆತಕ್ಕೆ ಆರು ಕಟ್ಟ ಕಳ್ಕೊಂಡ್ವಿ. ನಡು ತಗ್ಗು ಇರಲಿ, ಎರಡೂ ಕಿವಿ ದಡದೊಳಗೆ ಕೂತಿರಲಿ. ಇಲ್ಲದಿದ್ದರೆ ನೀರು ಬದಿ ಕೊರೆದು ಹೊಸ ಹಳ್ಳ ಮಾಡುತ್ತೆ.

ಹಳ್ಳ ಕೆರೆಗೆ ಸೇರೋ ಮುಂಚೆ ಒಂದು ಹೂಳುಗುಂಡಿ. ನಮ್ಮದು 20 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳ. ತುಂಬಿದರೆ ಒಂಬತ್ತು ಹತ್ತು ಲೋಡು ಮಣ್ಣು. ಪ್ರತಿವರ್ಷ ಕೊಯ್ಲು ಮುಗಿದ ಮೇಲೆ ತೋಟದವರೇ ಗೋಡುಮಣ್ಣು ಅಂತ ಪೈಪೋಟಿಯಲ್ಲಿ ಹೊತ್ಕೊಂಡು ಹೋಗ್ತಾರೆ, ನಮಗೆ ಒಂದು ಪೈಸೆ ಖರ್ಚಿಲ್ಲ. ಕೆರೆಯೊಳಗಿಂದ ಅದೇ ಮಣ್ಣು ತೆಗೆಸೋಕೆ ಎಷ್ಟಾಗುತ್ತೆ ಅಂತ ನಿಮಗೆ ಗೊತ್ತು. ಕಲ್ಲುಕಟ್ಟ, ಹೂಳುಗುಂಡಿ ಎರಡೂ 2017ರಲ್ಲಿ ಉದ್ಯೋಗ ಖಾತ್ರಿಯಲ್ಲಿ ಮಾಡಿಸಿದ್ದು.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನ ಮರೀಬೇಡಿ. ನೀರಿಂಗಿಸೋ ಉತ್ಸಾಹದಲ್ಲಿ ಕಂಡ ಕಂಡ ಇಳಿಜಾರಲ್ಲೆಲ್ಲ ಇಂಗುಗುಂಡಿ ತೋಡಬೇಡಿ. ಬುಡ ಕಡಿದು ರಸ್ತೆಯೋ ಮನೆಯೋ ಮಾಡಿದ ಕಡೆ ಮೇಲ್ಗಡೆ ನೀರು ನಿಲ್ಲಿಸಿದರೆ ಧರೆ ಕುಸಿಯುತ್ತೆ. ಕಡಿದಾದ ಜಾಗಕ್ಕೆ ಹುಲ್ಲು, ಗಿಡ ಸಾಕು. ಗುಂಡಿ ಏನಿದ್ದರೂ ಮಟ್ಟಸವಾದ ಬ್ಯಾಣಕ್ಕೆ.

ಹಳೇ ಪಹಣಿ, ಶಿಕಾರಿಪುರ · ಜೂನ್ 13

ಮೇಡಂ, ನಾನು ಗ್ರಾಮಲೆಕ್ಕಿಗನಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮೇಲಿನ ಸಾಗರದವರು ಹೇಳಿದ ಕೆಲಸಗಳ ಜೊತೆಗೆ ಕಾಗದದ ಕೆಲಸವೂ ನಡೆಯಬೇಕು. ಊರಿನ ಉತ್ಸಾಹ ಎರಡು ವರ್ಷಕ್ಕೆ ಇಳಿದರೂ ಕಾಗದ ಉಳಿಯುತ್ತದೆ.

ಮೊದಲು ಕೆರೆಯ ಗಡಿ. ದಿಶಾಂಕ್ ಆ್ಯಪ್‌ನಲ್ಲಿ ಏರಿ ಮೇಲೆ ನಿಂತು ಸರ್ವೆ ನಂಬರ್ ನೋಡಿಕೊಳ್ಳಿ. ಅದು ಅಂದಾಜು ಮಾತ್ರ, ಅದನ್ನೇ ಹಿಡಿದು ಯಾರ ಜೊತೆಯೂ ಜಗಳಕ್ಕೆ ಹೋಗಬೇಡಿ. ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ನಕಲು ತೆಗೆಸಿ. ಕೆರೆಗೆ ಬರುವ ಹಳ್ಳಗಳು ನಕಾಶೆಯಲ್ಲಿ ಗೆರೆಯಾಗಿ ಇದ್ದೇ ಇರುತ್ತವೆ, ಎಷ್ಟೋ ಕಡೆ ಬ ಖರಾಬು ಎಂದು ನಮೂದಾಗಿರುತ್ತದೆ. ಅಂದರೆ ಅದು ಸಾರ್ವಜನಿಕ ಜಾಗ. ಹಳ್ಳದ ಮುಂಡಿಗೆ ಕಿತ್ತ ಜಾಗ ಖರಾಬಿಗೆ ಸೇರಿದ್ದರೆ ಅದನ್ನು ಗುತ್ತಿಗೆ ಕೊಡುವ ಹಕ್ಕು ಯಾರಿಗೂ ಇರಲಿಲ್ಲ.

ನಂತರ ಗ್ರಾಮಸಭೆಯಲ್ಲಿ ಕೆರೆಯ ಸರ್ವೆ ನಂಬರ್ ಹೆಸರಿಸಿ, ಹದ್ದುಬಸ್ತು (ಅಳೆದು ಗಡಿ ಗುರುತು) ಮಾಡಿಕೊಡಿ ಎಂದು ಠರಾವು ಮಾಡಿಸಿ ತಹಶೀಲ್ದಾರರಿಗೆ ಕೊಡಿ. ಬಾಯಿಮಾತಿನ ಮನವಿಗೂ ಠರಾವಿಗೂ ಕಚೇರಿಯಲ್ಲಿ ಇರುವ ವ್ಯತ್ಯಾಸ ನಾನು ಟೇಬಲ್ಲಿನ ಆ ಕಡೆ ಕೂತು ನೋಡಿದ್ದೇನೆ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರಿನೊಳಗೆ ಇದ್ದರೆ ಕೆರೆ ಪಂಚಾಯತ್‌ರಾಜ್ ಕಡೆಗೆ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ. ನಿಮ್ಮದು 14 ಎಕರೆ ಕೆರೆ, ಪಂಚಾಯತ್ ಕಡೆಯದೇ ಇರಬೇಕು. ಕೆರೆಗಳ ರಕ್ಷಣೆಗೆಂದೇ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇದೆ. ಕೆರೆಯಂಥ ಊರ ಸಾಮೂಹಿಕ ಆಸ್ತಿ ಉಳಿಸಬೇಕೆಂದು ಸುಪ್ರೀಂ ಕೋರ್ಟು 2001ರ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲೂ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲೂ ಹೇಳಿದೆ. ಅರ್ಜಿಯಲ್ಲಿ ಇವನ್ನು ಒಂದು ಸಾಲಿನಲ್ಲಿ ಬರೆಯಿರಿ, ಸಾಕು.

ಮೇಲಿನ ಬ್ಯಾಣದ ಪಹಣಿಯಲ್ಲಿ 9 ಮತ್ತು 11ನೇ ಕಾಲಂ ಓದಿ. ಅದು ಹಿಡುವಳಿಯೋ, ತೋಟಕ್ಕೆ ಅಂಟಿದ ಸೊಪ್ಪಿನಬೆಟ್ಟವೋ ತಿಳಿಯಬೇಕು. ಬೆಟ್ಟದ ಹಕ್ಕು ಸೊಪ್ಪು ದರಕಿಗೆ ಇರುವಂಥದ್ದು, ಉಳುಮೆಗೆ ಅಲ್ಲ.

ಕಾನಿನ ಬಗ್ಗೆ. ಸೊರಬದ ಕಾನುಗಳ ಮೇಲೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿ ಬರೆದಿದ್ದಾರೆ. ನಿಮ್ಮ ತಾಲೂಕಿನ ಕಾನಿಗೆ ಅಷ್ಟು ಹಳೆಯ ದಾಖಲೆ ಇದೆ. ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತದೆ. ಅನೇಕ ಕಡೆ ಅದು ಕಾಗದದಲ್ಲೇ ಇರುತ್ತದೆ, ಸಭೆ ಕರೆಯಿರಿ ಎಂದು ಲಿಖಿತವಾಗಿ ಕೇಳಿ. ಕಾನು, ಕೆರೆ, ಹಳ್ಳ ಮೂರನ್ನೂ ಜನತಾ ಜೀವವೈವಿಧ್ಯ ದಾಖಲೆಗೆ ಸೇರಿಸಿ. ನಮ್ಮ ಜಿಲ್ಲೆಯ ಅಂಬಾರಗುಡ್ಡ 2011ರಲ್ಲಿ ಪಾರಂಪರಿಕ ಜೀವವೈವಿಧ್ಯ ತಾಣವಾದದ್ದು ಇದೇ ಕಾಯ್ದೆಯಡಿ.

ಏರಿಯ ಮೇಲೋ ತೂಬಿನ ಹತ್ತಿರವೋ ಬರೆದ ಕಲ್ಲು, ವೀರಗಲ್ಲು ಇದೆಯೇ ನೋಡಿ. ನಮ್ಮ ತಾಳಗುಂದದ ಸ್ತಂಭಶಾಸನ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ, ಹದಿನೈದು ಶತಮಾನದ ಹಿಂದಿನ ಮಾತು. ಅಂಥದ್ದೇ ಸಿಗಬೇಕೆಂದಿಲ್ಲ, ಸಣ್ಣ ಕಲ್ಲು ಸಿಕ್ಕರೂ ಫೋಟೋ ತೆಗೆದು ಠರಾವಿಗೆ ಲಗತ್ತಿಸಿ.

ಮೈದುನನ ಮೇಲೆ ದೂರು ಮಾತ್ರ ಕೊಡಬೇಡಿ. ಒಂದು ಮನೆಯ ಮೇಲೆ ಅರ್ಜಿ ಬಿದ್ದ ದಿನ ಊರು ಎರಡಾಗುತ್ತದೆ, ಆಮೇಲೆ ಕೆರೆ ಕೆಲಸಕ್ಕೆ ಅರ್ಧ ಊರು ಬರುವುದಿಲ್ಲ. ಇದನ್ನು ಹತ್ತಾರು ಊರುಗಳಲ್ಲಿ ಕಂಡಿದ್ದೇನೆ. ಇಡೀ ಕೆರೆಗೆ, ಎಲ್ಲಾ ಹಳ್ಳಕ್ಕೆ ಹದ್ದುಬಸ್ತು ಕೇಳಿ.

ಕೂಣಿ, ಆನವಟ್ಟಿ · ಜೂನ್ 13

ಸಾಗರದ ಅಣ್ಣ ಹೇಳಿದ್ದೆಲ್ಲ ಸರಿ, ಕಲ್ಲುಕಟ್ಟದ ವಿಷಯ ಒಂದು ಬಿಟ್ಟು. ಮೊದಲ ಮಳೆಗೆ ಮೀನು ಕೆರೆಯಿಂದ ಹಳ್ಳ ಹತ್ತಿ ಗದ್ದೆಗೆ, ಮೇಲಿನ ಜವುಗಿಗೆ ಹೋಗಿ ಮೊಟ್ಟೆ ಇಡ್ತವೆ. ಹತ್ತುಮೀನು ಅಂತೀವಲ್ಲ, ಅದೇ. ಮೊಣಕಾಲೆತ್ತರ ಕಟ್ಟ ಸಾಲಾಗಿ ಹಾಕಿದ್ರೆ ಅವು ಎಲ್ಲಿಂದ ಹತ್ತಬೇಕು? ನಮ್ಮೂರಲ್ಲಿ ಹಾಗೇ ಆಯ್ತು, ಎರಡು ವರ್ಷಕ್ಕೆ ಕೆರೆಬೇಟೆ (ಊರೆಲ್ಲ ಸೇರಿ ಮೀನು ಹಿಡಿಯೋದು) ದಿನ ಕೂಣಿಗೆ (ಮೀನು ಹಿಡಿಯೋ ಬುಟ್ಟಿಗೆ) ಬಿದ್ದದ್ದು ಬಿಟ್ಟ ಕಾಟ್ಲಾ ಮರಿಗಳೇ, ಊರಮೀನು ಇಲ್ಲ. ಕಟ್ಟದ ಕೆಳಗಡೆ ಕಲ್ಲನ್ನ ಇಳಿಜಾರಾಗಿ ಜೋಡಿಸಿ, ನಡುವೆ ಗೇಣಗಲ ಸಂದು ಬಿಡಿ. ದೊಡ್ಡ ಹಳ್ಳ ಒಂದನ್ನ ಕಟ್ಟ ಇಲ್ಲದೇ ಬಿಟ್ಟರೆ ಇನ್ನೂ ಒಳ್ಳೇದು.

ಅಕ್ಕ, ಇನ್ನೊಂದು. ಹೂಳೆತ್ತೋವಾಗ ದಡ ನೇರಕ್ಕೆ ಕಡಿದು ಬಾಣಲೆ ಬದಲು ತೊಟ್ಟಿ ಥರ ಮಾಡಿದ್ದಾರಾ? ಸುಮಾರು ಕಡೆ ಜೆಸಿಬಿಯೋರು ಹಾಗೇ ಮಾಡ್ತಾರೆ. ಬೆಳ್ಳಕ್ಕಿ, ಕೆಂಬರಲು ಮೇಯೋದು ಮೊಣಕಾಲುದ್ದದ ನೀರಲ್ಲಿ. ಗುಡವಿ ಪಕ್ಷಿಧಾಮದಲ್ಲಿ ಗೂಡು ಕಟ್ಟೋ ಹಕ್ಕಿಗೂ ಸುತ್ತಿನ ನಮ್ಮ ಕೆರೆ, ಗದ್ದೆಗಳೇ ಊಟ. ಮುಂದಿನ ಸಲ ಮೇಲಿನ ಅಂಚು ಮುಟ್ಟಬೇಡಿ. ತಳದ ಜೇಡಿ ಪದರಾನೂ ಒಡೀಬಾರದು, ಒಡೆದ್ರೆ ಕೆರೆ ಸೋರುತ್ತೆ.

ಶುಂಠಿಗೆ ಹೊಡೆದ ಔಷಧಿ ಡಬ್ಬ ಹಳ್ಳದಲ್ಲಿ ತೊಳೀತಾರಾ ನೋಡಿ. ನಮ್ಮಲ್ಲಿ ಏಡಿ ಸತ್ತು ತೇಲಿದಾಗಲೇ ಗೊತ್ತಾಗಿದ್ದು.

ವರದೆ ದಂಡೆ, ಸಾಗರ · ಜೂನ್ 13

ಕೂಣಿ ತಮ್ಮಾ, ನೀನು ಹೇಳಿದ್ದು ನಿಜ. ನಮ್ಮಲ್ಲೂ ಹತ್ತುಮೀನು ಕಡಿಮೆಯಾಗಿದೆ, ನಾನು ಅದನ್ನ ಕಟ್ಟಕ್ಕೆ ಸೇರಿಸಿ ಯೋಚಿಸಿರಲಿಲ್ಲ. ಈ ಬೇಸಿಗೆಗೆ ಕೆಳಗಿನ ನಾಲ್ಕು ಕಟ್ಟದ ಕಲ್ಲು ಬಿಚ್ಚಿ ನೀನು ಹೇಳಿದ ಹಾಗೆ ಜೋಡಿಸ್ತೀವಿ.

ಕೆರೆಬಯಲು, ಸೊರಬ · ಜೂನ್ 26

ಎಲ್ಲರಿಗೂ ಕೈಮುಗಿದೆ. ತಡವಾಯ್ತು, ನಾಟಿ ಕೆಲಸ.

ಸೀಸೆ ಇಟ್ಟಿದ್ದೀವಿ. ನಮ್ಮ ಗುಂಪಿನ ಮೂವರು, ನನ್ನ ಮಗಳು. ಆರಿದ್ರಾ ಹುಟ್ಟಿದ ಮಾರನೇ ದಿನ ಸಂಜೆ ನಾಲ್ಕೂವರೆಗೆ ಅಂತ ಮೊದಲೇ ಮಾತಾಡಿಕೊಂಡು, ಕಂಬಳಿಕೊಪ್ಪೆ ಹಾಕ್ಕೊಂಡು ನಾಲ್ಕು ಹಳ್ಳದ ಬಾಯಲ್ಲಿ ನಿಂತ್ವಿ. ಕಾಲಿಗೆ ಉಂಬಳ (ಜಿಗಣೆ) ಹತ್ತಿ ಇಬ್ಬರ ಸೀರೆಯೆಲ್ಲ ರಕ್ತ. ಸೀಸೆಗಳನ್ನ ನಾವೂ ಡೈರಿ ಕಿಟಕಿಯಲ್ಲೇ ಇಟ್ಟೆವು, ಮೇಲೆ ಹಳ್ಳದ ಹೆಸರು ಬರೆದ ಚೀಟಿ. ಯಾರ ಜಮೀನು ಅಂತ ಬರೆದಿಲ್ಲ.

ಮೂರನೇ ಹಳ್ಳದ ಸೀಸೆಯಲ್ಲಿ ಎರಡು ಬೆರಳು ಮಣ್ಣು. ಅದು ನಿರೀಕ್ಷೆ ಇತ್ತು. ಒಂದನೇ ಹಳ್ಳದಲ್ಲಿ ಒಂದೂವರೆ ಬೆರಳು, ಅದು ನನಗೆ ಗೊತ್ತೇ ಇರಲಿಲ್ಲ. ಹತ್ತಿ ನೋಡಿದರೆ 2024ರಲ್ಲಿ ನಾವೇ ತೆಗೆದ ಹೂಳಲ್ಲಿ ತೋಟದವರು ಬೇಡ ಅಂದ ಸುಮಾರು ಲೋಡನ್ನ ಆ ಹಳ್ಳದ ತಲೆಯ ಗೋಮಾಳದಲ್ಲಿ ಸುರಿದಿದ್ದರು. ಆ ಗುಡ್ಡೆ ಮಳೆಗೆ ಕರಗಿ ಕರಗಿ ಅರ್ಧಕ್ಕೆ ಬಂದಿದೆ. ನಮ್ಮ ಕೆರೆ ಮಣ್ಣು ತಿರುಗಿ ನಮ್ಮ ಕೆರೆಗೇ. ನನ್ನ ನೋಟ್‌ಬುಕ್ ತೆಗೆದು ನೋಡಿದೆ: "ಗೋಮಾಳ, 310 ಲೋಡು" ಅಂತ ನನ್ನ ಅಕ್ಷರದಲ್ಲೇ ಇದೆ. ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ಹಳ್ಳ ಪೂರ್ತಿ ತಿಳಿ. ಅದರ ಮೇಲೆ ಭೂತಪ್ಪನ ಬನ ಇದೆ, ಅಲ್ಲಿ ಯಾರೂ ಕತ್ತಿ ಹಾಕಲ್ಲ, ದರಕೂ ಗುಡಿಸಲ್ಲ. ಆ ಸೀಸೆ ಹಿಡಿದು ನೋಡಿದರೆ ಆ ಕಡೆಯ ಕೈ ಕಾಣುತ್ತೆ.

ಮೈದುನನಿಗೆ ನಾನು ಏನೂ ಹೇಳೋ ಅಗತ್ಯ ಬೀಳಲಿಲ್ಲ. ಎರಡು ದಿನ ಹಾಲು ಹಾಕೋಕೆ ಬಂದು ನೋಡಿದ್ದಾನೆ. ಮೂರನೇ ದಿನ ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕೂತ. ವಾರಗಿತ್ತಿಯೂ ಬಂದಿದ್ದಳು. "ಅತ್ತಿಗೆ, ಆ ಮೂರನೇ ಸೀಸೆ ನಂದೇ ಅಲ್ವಾ?" ಅಂದ. ಹೌದು ಅಂದೆ. "ಒಂದನೇದು ನಂದು, ಲೆಕ್ಕ ಬರೆದವಳು ನಾನೇ" ಅಂತಲೂ ಅಂದೆ. ಒಳಗಿಂದ ಅತ್ತೆ "ಎಷ್ಟು ಮೆಟ್ಟಿಲು ಹೋಗಿದೆಯೋ?" ಅಂತ ಅವನನ್ನ ಕೇಳಿದರು. ಅವನು ತಲೆ ಎತ್ತಲಿಲ್ಲ.

ಗುತ್ತಿಗೆ ಈ ವರ್ಷ ಮುರಿಯೋಕೆ ಆಗಲ್ಲ, ಮುಂಗಡ ಖರ್ಚಾಗಿದೆ ಅಂತ ನೇರವಾಗಿ ಹೇಳಿದ. ನಾನು ಅದನ್ನ ಕೇಳೋದೂ ಇಲ್ಲ. ಹಳ್ಳದ ಬದಿ ಮೂವತ್ತು ಅಡಿಯಲ್ಲಿರೋ ಮಡಿ ಸಾಲು ಕಿತ್ತು, ಅದಕ್ಕೆ ಎಷ್ಟು ನಷ್ಟ ಆಗುತ್ತೋ ಶುಂಠಿಯವನಿಗೆ ತಾನೇ ತುಂಬಿಕೊಡ್ತೀನಿ ಅಂದ. ಅದರಲ್ಲಿ ಅರ್ಧ ನಮ್ಮ ಗುಂಪಿಂದ ಕೊಡಬೇಕು ಅಂತ ನಾವು ತೀರ್ಮಾನ ಮಾಡಿದ್ದೀವಿ, ಯಾಕಂದ್ರೆ ಆ ಮೂವತ್ತು ಅಡಿ ಇಡೀ ಊರಿಗೆ ಬೇಕಾದದ್ದು. ಅಡ್ಡ ಕಾಲುವೆ, ಗುಂಡಿಗಳನ್ನ ನಿನ್ನೆಯಿಂದ ತೋಡ್ತಿದ್ದಾರೆ. ಶುಂಠಿಯವನು ಮೊದಲು ಕೊಳೆ ಬರುತ್ತೆ ಅಂತ ಒಪ್ಪಲಿಲ್ಲ. ನೀರು ನಿಲ್ಲಲ್ಲ, ಹೊರಳಿ ಹೋಗುತ್ತೆ ಅಂತ ಸಾಗರದ ಅಣ್ಣ ಬರೆದದ್ದನ್ನ ಮೊಬೈಲಲ್ಲೇ ಓದಿ ಹೇಳಿದ ಮೇಲೆ ಒಂದು ಸಾಲಿಗೆ ಮಾಡಿ ನೋಡಿದ, ಆಮೇಲೆ ಉಳಿದದ್ದಕ್ಕೂ ಒಪ್ಪಿದ. ಡಬ್ಬ ಹಳ್ಳದಲ್ಲೇ ತೊಳೀತಿದ್ದರು, ಕೂಣಿ ತಮ್ಮ ಹೇಳಿದ್ದು ಸರಿ. ಈಗ ಮೇಲೆ ಒಂದು ಡ್ರಮ್ ಇಟ್ಟಿದ್ದಾರೆ.

ಪಹಣಿ ತೆಗೆಸಿದೆ ಸರ್. ಬ್ಯಾಣ ಹಿಡುವಳಿಯೇ. ಹಳ್ಳ ಮಾತ್ರ ನಕಾಶೆಯಲ್ಲಿ ಖರಾಬು, ಈಗಿರೋದಕ್ಕಿಂತ ಅಗಲವಾಗಿದೆ. ಗ್ರಾಮಸಭೆಗೆ ಅರ್ಜಿ ಬರೆದಿದ್ದೀನಿ, ನಾಲ್ಕೂ ಹಳ್ಳ ಸೇರಿಸಿ. ಮೊದಲ ಸಹಿ ಮೈದುನನದ್ದು.

ಗೋಮಾಳದ ಗುಡ್ಡೆಗೆ ಸದ್ಯಕ್ಕೆ ಕೆಳಗಡೆ ಕಲ್ಲಿನ ಸಾಲು ಇಟ್ಟು, ಮೇಲೆ ಹುಲ್ಲುಗಡ್ಡೆ ನೆಟ್ಟಿದ್ದೀವಿ. ಬೇಸಿಗೆಗೆ ಅಲ್ಲಿಂದ ಎತ್ತಿಸಬೇಕು. ಅಕೇಶಿಯಾ ಮುಂದಿನ ವರ್ಷ ಕಟಾವಿಗೆ ಬರುತ್ತೆ ಅಂತಾರೆ. ಒಂದೇ ಸಲ ಗುಡ್ಡ ಬೋಳು ಮಾಡಬೇಡಿ, ಹಳ್ಳದ ಬದಿ ಬಿಡಿ ಅಂತ ಈಗಿಂದಲೇ ಬರೆದು ಕೊಡಬೇಕು. ಅದು ದೊಡ್ಡ ಕೆಲಸ, ನಮ್ಮ ಕೈಲಾಗುತ್ತೋ ನೋಡಬೇಕು.

ಈಗ ತುರ್ತಾಗಿ ಒಂದು ಸಹಾಯ. ಹಳ್ಳದ ಬದಿಗೆ ಮುಂಡಿಗೆ, ವಾಟೆ ಬಿದಿರು ಹಾಕಬೇಕು ಅಂತಿದ್ದೀವಿ. ಕೇಳಿದ ನರ್ಸರಿಯಲ್ಲಿ ಎರಡೂ ಇಲ್ಲ ಅಂದರು. ಯಾರ ಹತ್ತಿರ ಸಿಗುತ್ತೆ?

ವರದೆ ದಂಡೆ, ಸಾಗರ · ಜೂನ್ 26

ಮುಂಡಿಗೆಗೆ ನರ್ಸರಿ ಬೇಕಿಲ್ಲ ತಂಗೀ. ಹಳೇ ಹಿಂಡಿನ ಬುಡದಲ್ಲಿ ಮರಿ ಒಡೆದಿರುತ್ತೆ, ಬಿಳಲಿನ ಸಮೇತ ಬಿಡಿಸಿ ಕೆಸರಲ್ಲಿ ಊರಿದರೆ ಈ ಮಳೆಗೇ ಹಿಡ್ಕೊಳ್ಳುತ್ತೆ. ನಿಮ್ಮ ಭೂತಪ್ಪನ ಬನದ ಹಳ್ಳದಲ್ಲಿ ಇದ್ದೇ ಇರುತ್ತೆ ನೋಡಿ. ಆದರೆ ಅಲ್ಲಿಂದ ಕೀಳಬೇಡಿ, ಆ ಹಳ್ಳ ಹಾಗೇ ಇರಲಿ. ನಮ್ಮಲ್ಲಿ ಬೇಕಾದಷ್ಟಿದೆ. ವಾಟೆ ಬುಡವೂ ಹತ್ತಿಪ್ಪತ್ತು ಬಿಡಿಸಿಕೊಡ್ತೀನಿ, ಅಪ್ಪೆಮಿಡಿ ಸಸಿ ನಾಲ್ಕಿದೆ, ಅದನ್ನೂ ಹಳ್ಳದ ಮೇಲಂಚಿಗೆ ಹಾಕಿ.

ಮುಳ್ಳು ಜಾಸ್ತಿ, ಬಸ್ಸಲ್ಲಿ ತರೋಕಾಗಲ್ಲ. ಶನಿವಾರ ನಮ್ಮ ಹುಡುಗನ ಪಿಕಪ್ ಸೊರಬದ ಕಡೆ ಬರುತ್ತೆ. ಎಷ್ಟು ಉದ್ದ ಹಳ್ಳಕ್ಕೆ ಬೇಕು ಅಂತ ಹೆಜ್ಜೆ ಲೆಕ್ಕ ಹಾಕಿ ಇವತ್ತೇ ಹೇಳಿ.

ಕೆರೆಬಯಲು, ಸೊರಬ · ಜೂನ್ 26

ಈಗಷ್ಟೇ ಮೈದುನ ಟಾರ್ಚ್ ಹಿಡ್ಕೊಂಡು ಹೋಗಿ ಅಳೆದು ಬಂದ. ಒಂದು ಬದಿಗೆ 240 ಹೆಜ್ಜೆ, ಎರಡೂ ಬದಿ ಸೇರಿ 480. ನಾಲ್ಕು ಹೆಜ್ಜೆಗೊಂದು ಅಂದ್ರೆ 120 ಮರಿ. ಶನಿವಾರ ಬೆಳಿಗ್ಗೆಯಿಂದ ಸೊರಬ ಬಸ್‌ಸ್ಟ್ಯಾಂಡ್ ಹತ್ತಿರ ಅವನೇ ಟ್ರ್ಯಾಕ್ಟರ್ ತಗೊಂಡು ಕಾಯ್ತಿರ್ತಾನೆ, ಜೊತೆಗೆ ನಾನೂ ಇರ್ತೀನಿ.